ಕಾಫಿ ಮನೆಯ ಟೀ ಚರಟ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ನಮ್ಮ ಹಿತ್ತಲ ಬಾಗಿಲ ಪಕ್ಕದ ಕುಂಡದಲ್ಲಿದ್ದ ಕೆಂಪು ದಾಸವಾಳದ ಕಾಂಡದ ಮೇಲೆ ಇರುವೆಗಳು ಸಾಲುಗಟ್ಟಿ ಹತ್ತಿ ಇಳಿಯುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರೆ ಮಣ್ಣಿನ ಮೇಲೆ ಬೆರಳು ದಪ್ಪದ ಕಪ್ಪು ಹೆಪ್ಪು ಕಟ್ಟಿತ್ತು. ಅದರ ಮೇಲೆ ಹತ್ತಿಯ ಎಳೆಯಂತೆ ಬಿಳಿಯ ಬೂಷ್ಟು ಹರಡಿತ್ತು. ಚಿಗುರಿನ ಸಂದುಗಳಲ್ಲಿ ಅಕ್ಕಿ ಹಿಟ್ಟು ಉದುರಿಸಿದಂತೆ ಹಿಟ್ಟು ತಿಗಣೆ ಕೂತಿತ್ತು. ಆ ಕಪ್ಪು ಹೆಪ್ಪು ಬೇರೇನೂ ಅಲ್ಲ, ಮೂರು ತಿಂಗಳಿಂದ ನಾನೇ ದಿನವೂ ತಂದು ಸುರಿದ ಟೀ ಚರಟ. ನನ್ನ ಹಿಂದೆ ಬಂದು ನಿಂತ ಅತ್ತೆಯವರು ಗಿಡವನ್ನೂ ನನ್ನನ್ನೂ ಒಮ್ಮೆ ನೋಡಿ, “ಏನಮ್ಮ, ಗಿಡಕ್ಕೂ ಹಾಲು ಸಕ್ಕರೆ ಹಾಕಿ ಟೀ ಕೊಡ್ತಿದ್ದೀಯ? ಇರುವೆ ಬರದೆ ಇನ್ನೇನು ಬರುತ್ತೆ?” ಎಂದರು. ಟೀ ಚರಟದ ಬಗ್ಗೆ ಆಮೇಲೆ ನಾನು ತಿಳಿದುಕೊಂಡದ್ದೆಲ್ಲ ಅವರ ಆ ಒಂದು ಮಾತಿನಲ್ಲೇ ಇತ್ತು.

ಹಾಸನದಿಂದ ಮದುವೆಯಾಗಿ ನಾನು ಬಂದದ್ದು ಚಿಕ್ಕಮಗಳೂರಿನ ಕಾಫಿ ಮನೆಗೆ. ಇಲ್ಲಿ ಟೀ ಕುಡಿಯುವವರನ್ನು ಸ್ವಲ್ಪ ಅನುಕಂಪದಿಂದ ನೋಡುವ ರೂಢಿ ಇದೆ. ಮೂಡಿಗೆರೆ ಸೀಮೆಯ ಕೆಳಗೂರಿನಲ್ಲಿಯೂ ಸಕಲೇಶಪುರದ ಕಾಡುಮನೆಯಲ್ಲಿಯೂ ಟೀ ತೋಟಗಳಿದ್ದು ನಮ್ಮ ಎರಡೂ ಜಿಲ್ಲೆಗಳು ಟೀ ಬೆಳೆಯುತ್ತವೆಯಾದರೂ, ಅತ್ತೆಯವರ ಪಾಲಿಗೆ ಟೀ ಎಂದರೆ ಶೀತವಾದಾಗ ಕುಡಿಯುವ ಔಷಧಿ. ಆದರೆ ನಮ್ಮ ಯಜಮಾನರಿಗೆ, ನನಗೆ ಮತ್ತು ಇಬ್ಬರು ಮಕ್ಕಳಿಗೆ ಬೆಳಿಗ್ಗೆ ಸಂಜೆ ಟೀ ಬೇಕು. ಹೀಗಾಗಿ ಒಂದೇ ಅಡುಗೆಮನೆಯಲ್ಲಿ ಎರಡು ಬಗೆಯ ಚರಟ ಹುಟ್ಟುತ್ತದೆ, ಮತ್ತು ಒಂದಕ್ಕೆ ಸಲ್ಲುವ ಉಪಚಾರ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ.

ಅತ್ತೆಯವರ ಫಿಲ್ಟರಿನ ಮೇಲಿನ ಪಾತ್ರೆಯನ್ನು ತಲೆಕೆಳಗು ಮಾಡಿ ತಟ್ಟಿದರೆ ಕಾಫಿ ಚರಟ ಗುಂಡನೆಯ ಬಿಲ್ಲೆಯಾಗಿ ಬೀಳುತ್ತದೆ. ಅದು ಬಿಸಿ ನೀರನ್ನು ಬಿಟ್ಟು ಬೇರೇನನ್ನೂ ಕಂಡಿರುವುದಿಲ್ಲ. ಹಾಲು ಸಕ್ಕರೆ ಸೇರುವುದು ಡಿಕಾಕ್ಷನ್ ಇಳಿದ ಮೇಲೆ, ಲೋಟದಲ್ಲಿ. ಅವರು ಆ ಬಿಲ್ಲೆಯನ್ನು ಪುಡಿ ಮಾಡಿ ಕರಿಬೇವಿನ ಬುಡಕ್ಕೆ ಎರಚಿ ಮರೆತುಬಿಡುತ್ತಾರೆ, ಮತ್ತು ಏನೂ ಕೆಡುವುದಿಲ್ಲ. ನಮ್ಮ ಟೀಯ ಕಥೆಯೇ ಬೇರೆ. ನೀರು, ಹಾಲು, ಸಕ್ಕರೆ, ಜಜ್ಜಿದ ಶುಂಠಿ, ಒಂದು ಏಲಕ್ಕಿ, ಟೀ ಪುಡಿ, ಎಲ್ಲವೂ ಒಂದೇ ಪಾತ್ರೆಯಲ್ಲಿ ಎರಡು ಮೂರು ಬಾರಿ ಉಕ್ಕಿ ಇಳಿಯುತ್ತವೆ. ಸೋಸಿದ ಮೇಲೆ ಜಾಲರಿಯಲ್ಲಿ ಉಳಿಯುವುದು ಬರಿಯ ಎಲೆಯಲ್ಲ, ಹಾಲಿನ ಕೊಬ್ಬು, ಹಾಲಿನ ಕೆನೆಯ ಚೂರು ಮತ್ತು ಸಕ್ಕರೆ ಪಾಕ ಹೀರಿಕೊಂಡು ಉಬ್ಬಿದ ಎಲೆ. “ಚರಟ ಒಳ್ಳೆಯ ಗೊಬ್ಬರ” ಎಂದು ಹೇಳುವವರಲ್ಲಿ ಬಹಳ ಮಂದಿ ಹಾಲು ಹಾಕದೆ ಟೀ ಕುಡಿಯುವ ದೇಶಗಳ ಅನುಭವವನ್ನೇ ಹೇಳುತ್ತಿರುತ್ತಾರೆ ಎಂಬುದು ನನ್ನ ಅನುಮಾನ.

ಸಿಹಿ ಇದ್ದಲ್ಲಿಗೆ ಇರುವೆ ಬರುವುದು ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಇರುವೆ ಕುಂಡದಲ್ಲಿ ನೆಲೆಯಾದ ಮೇಲೆ ಸಂಭವಿಸುವುದನ್ನು ಕಾಫಿ ಬೆಳೆಗಾರರು ಚೆನ್ನಾಗಿ ಬಲ್ಲರು. ಹಿಟ್ಟು ತಿಗಣೆ ಗಿಡದ ರಸ ಹೀರಿ ಅಂಟಾದ ಸಿಹಿ ದ್ರವವನ್ನು ವಿಸರ್ಜಿಸುತ್ತದೆ. ಆ ಸಿಹಿಯ ಆಸೆಗೆ ಇರುವೆಗಳು ತಿಗಣೆಗಳನ್ನು ಹಸು ಸಾಕಿದಂತೆ ಸಾಕುತ್ತವೆ, ಅವುಗಳ ಮರಿಗಳನ್ನು ಹೊತ್ತು ಹೊಸ ಚಿಗುರಿಗೆ ಸಾಗಿಸುತ್ತವೆ, ತಿಗಣೆಯನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ರೊಬಸ್ಟಾ ಕಾಫಿಯ ತೋಟದಲ್ಲಿ ತಿಗಣೆ ಕಾಣಿಸಿದರೆ ಅನುಭವಿಗಳು ಮೊದಲು ಇರುವೆಯ ಗೂಡು ಹುಡುಕುವುದು ಈ ಕಾರಣಕ್ಕೆ. ನಾನು ದಾಸವಾಳಕ್ಕೆ ಗೊಬ್ಬರ ಹಾಕುತ್ತಿದ್ದೇನೆಂದು ತಿಳಿದು ಮೂರು ತಿಂಗಳು ಇರುವೆಗಳಿಗೆ ಸಂತರ್ಪಣೆ ಮಾಡಿದ್ದೆ. ಗಿಡವನ್ನು ಸೋಪಿನ ನೀರಿನಿಂದ ತೊಳೆದು, ವಾರಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಿ, ಮೇಲಿನ ಹೆಪ್ಪನ್ನು ಕೆರೆದು ತೆಗೆದ ಮೇಲೆ ಅದು ಚೇತರಿಸಿಕೊಳ್ಳಲು ಮಳೆಗಾಲದವರೆಗೂ ಸಮಯ ಹಿಡಿಯಿತು.

ಆ ಹೆಪ್ಪಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾವು ಬಳಸುವ ಟೀ ಪುಡಿ ಬಹುಪಾಲು ಸಿ.ಟಿ.ಸಿ. ಬಗೆಯದು; ಎಲೆಯನ್ನು ಹಲ್ಲುಗಳಿರುವ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಳಿಸಿ ಸಾಸಿವೆಯಂಥ ಕಾಳುಗಳನ್ನಾಗಿ ಮಾಡಿರುತ್ತಾರೆ. ಅದಕ್ಕೇ ಅದು ಬೇಗ ಬಣ್ಣ ಬಿಡುತ್ತದೆ. ಅದೇ ಕಾಳು ನೆನೆದು ಮಣ್ಣಿನ ಮೇಲೆ ಪದರವಾಗಿ ಕೂತು ಒಣಗಿದರೆ ರೊಟ್ಟಿಯಂತೆ ಗಟ್ಟಿಯಾಗುತ್ತದೆ, ಮತ್ತು ಮೇಲೆ ಹೊಯ್ದ ನೀರು ಬೇರಿಗೆ ಇಳಿಯದೆ ಕುಂಡದ ಅಂಚಿನಿಂದ ಜಾರಿಹೋಗುತ್ತದೆ. ಮೇಲಿನಿಂದ ನೋಡುವವರಿಗೆ ಕುಂಡ ತೇವವಾಗಿದೆ ಎನ್ನಿಸುತ್ತದೆ, ಒಳಗೆ ಗಿಡ ಬಾಯಾರಿರುತ್ತದೆ.

ಈಗ ನಮ್ಮ ಮನೆಯಲ್ಲಿ ಚರಟವನ್ನು ತೊಳೆಯುತ್ತೇವೆ. ಸೋಸಿದ ಕೂಡಲೇ ಜಾಲರಿಯನ್ನು ಒಂದು ಹಳೆಯ ಸ್ಟೀಲ್ ಡಬರಿಯ ಮೇಲೆ ಹಿಡಿದು ಒಂದು ಲೋಟ ನೀರು ಹೊಯ್ದು ಚಮಚದಿಂದ ಕದಡಿದರೆ ಮೊದಲ ನೀರು ಬೆಳ್ಳಗೆ, ಹಾಲು ತೊಳೆದ ಪಾತ್ರೆಯ ನೀರಿನಂತೆ ಇಳಿಯುತ್ತದೆ. ಎರಡನೆಯದು ಕಂದು ಬಣ್ಣದ್ದಾಗಿರುತ್ತದೆ. ಮೂರನೆಯ ನೀರು ತಿಳಿಯಾದ ಹೊಂಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿ, ಚರಟವನ್ನು ಅಂಗೈಯಲ್ಲಿ ಹಿಂಡುತ್ತೇನೆ. ಬೆರಳಿಗೆ ಅಂಟಂಟು ಹತ್ತದಿದ್ದರೆ ಸಕ್ಕರೆ ಹೋಗಿದೆ ಎಂದು ಅರ್ಥ. ತೊಳೆದ ನೀರನ್ನು ಸಿಂಕಿಗೆ ಚೆಲ್ಲದೆ ಹಿತ್ತಲ ಬಾಳೆಯ ಬುಡಕ್ಕೆ, ದಿನಕ್ಕೊಂದು ಬಾಳೆಯಂತೆ, ಹೊಯ್ಯುತ್ತೇವೆ. ಬಯಲಿನ ನೆಲಕ್ಕೆ ಅಷ್ಟು ಸಿಹಿಯನ್ನು ಅರಗಿಸಿಕೊಳ್ಳುವ ಶಕ್ತಿ ಇದೆ, ಕುಂಡಕ್ಕೆ ಇಲ್ಲ.

ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ: ಟೀ ಪುಡಿಯನ್ನು ನೀರಿನಲ್ಲಿ ಮಾತ್ರ ಕುದಿಸಿ, ಸೋಸಿ, ಆಮೇಲೆ ಹಾಲು ಸಕ್ಕರೆ ಬೆರೆಸುವುದು. ಚರಟ ತಾನಾಗಿಯೇ ಶುದ್ಧವಾಗಿ ಬರುತ್ತದೆ. ಒಂದು ವಾರ ಹಾಗೆ ಮಾಡಿ ನೋಡಿದೆ. ಎಂಟನೆಯ ದಿನ ನಮ್ಮ ಯಜಮಾನರು, ಗಿಡದ ಅನುಕೂಲಕ್ಕೆ ತಾವು ರುಚಿಗೆಟ್ಟ ಟೀ ಕುಡಿಯಲಾರೆವೆಂದು ಮರ್ಯಾದೆಯಿಂದಲೇ ತಿಳಿಸಿದರು. ನನಗೂ ಅವರ ಮಾತು ಸರಿ ಎನ್ನಿಸಿತ್ತು.

ಪ್ರಮಾಣದ ಲೆಕ್ಕ ತಿಳಿಯಲು ಒಂದು ದಿನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ನಾಲ್ವರಿಗೆ ಎರಡು ಹೊತ್ತಿಗೆ 18 ಗ್ರಾಂ ಪುಡಿ ಖರ್ಚಾಗಿತ್ತು. ತೊಳೆದು ಹಿಂಡಿದ ಚರಟ 65 ಗ್ರಾಂ ತೂಗಿತು. ತಿಂಗಳಿಗೆ ಎರಡು ಕಿಲೋ ಹತ್ತಿರ. ಅದರಲ್ಲಿ ಹೆಚ್ಚಿನದು ನೀರೇ. ಭಾರತದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಟೀ ಪುಡಿಯಲ್ಲಿ ನೀರಿಗೆ ಬಿಟ್ಟುಕೊಡುವ ಅಂಶ ಶೇ. 32ಕ್ಕಿಂತ ಕಡಿಮೆ ಇರಕೂಡದು. ಎಂದರೆ ಒಳ್ಳೆಯ ಪುಡಿಯ ಮೂರನೆಯ ಒಂದು ಪಾಲು ನಮ್ಮ ಲೋಟಕ್ಕೆ ಇಳಿಯಬಲ್ಲದು, ಉಳಿದದ್ದು ನಾರು, ಪ್ರೋಟೀನು ಮತ್ತು ಕರಗದ ಒಗರು (ಟ್ಯಾನಿನ್). ಪೊಟ್ಯಾಶಿಯಂ ಬಹುಮಟ್ಟಿಗೆ ನೀರಿನೊಂದಿಗೆ ಹೊರಟುಹೋಗಿರುತ್ತದೆ. ಸಾರಜನಕ ಮಾತ್ರ ಚೆನ್ನಾಗಿ ಉಳಿದಿರುತ್ತದೆ, ಒಣ ತೂಕದ ಲೆಕ್ಕದಲ್ಲಿ ಶೇ. 4ರ ಆಸುಪಾಸು, ಕಾಫಿ ಚರಟದಲ್ಲಿರುವುದರ ಸುಮಾರು ಎರಡರಷ್ಟು. ಈ ಅಂಕಿಯನ್ನು ಅತ್ತೆಯವರಿಗೆ ಹೇಳಲು ನನಗೆ ಸ್ವಲ್ಪ ಸಂತೋಷವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ಸಾರಜನಕ ಯೂರಿಯಾದಂತೆ ಕೂಡಲೇ ಗಿಡಕ್ಕೆ ಸಿಗುವಂಥದಲ್ಲ. ಸೂಕ್ಷ್ಮಜೀವಿಗಳು ಎಲೆಯನ್ನು ಕೊಳೆಸಿದ ಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವಂಥದು. ಚರಟದಲ್ಲಿ ಉಳಿದ ಕೆಫೀನು ಮತ್ತು ಒಗರು ಎಳೆಯ ಸಸಿಗಳಿಗೆ ಒಗ್ಗುವುದೂ ಇಲ್ಲ, ಆದ್ದರಿಂದ ಬೀಜ ಬಿತ್ತಿದ ಕುಂಡಕ್ಕೆ ಅದನ್ನು ನೇರವಾಗಿ ಹಾಕಬಾರದು.

“ಟೀ ಚರಟ ಮಣ್ಣನ್ನು ಹುಳಿ ಮಾಡುತ್ತದೆ, ಅದರಿಂದ ಗುಲಾಬಿಗೆ ಒಳ್ಳೆಯದು” ಎಂಬ ಸಲಹೆ ಬಯಲುಸೀಮೆಯ ಕ್ಷಾರ ಮಣ್ಣಿನವರಿಗೆ ಸಮಾಧಾನ ಕೊಡಬಹುದು. ಮಲೆನಾಡಿನಲ್ಲಿ ಮಳೆ ಸುಣ್ಣದ ಅಂಶವನ್ನೆಲ್ಲ ಕೊಚ್ಚಿಕೊಂಡು ಹೋಗಿ ಮಣ್ಣು ಮೊದಲೇ ಹುಳಿಯಾಗಿದೆ. ಅದನ್ನು ಸರಿಪಡಿಸಲೆಂದೇ ಬೆಳೆಗಾರರು ತೋಟಕ್ಕೆ ಕೃಷಿ ಸುಣ್ಣ ಹಾಕಿಸುತ್ತಾರೆ. ಹೊರಗಿನ ಯಾವ ನೆರವೂ ಇಲ್ಲದೆ ನಮ್ಮ ಅಂಗಳದ ಹೈಡ್ರೇಂಜಿಯಾ ನೀಲಿ ಹೂ ಬಿಡುವುದೇ ಆ ಹುಳಿಗೆ ಸಾಕ್ಷಿ. ಚರಟ ಚೆನ್ನಾಗಿ ಕಳಿತರೆ ಅದರ ಹುಳಿಯೂ ಹೆಚ್ಚು ಉಳಿಯುವುದಿಲ್ಲವೆಂದರೂ, ಇಲ್ಲಿ ಹುಳಿಯನ್ನು ಗುಣವೆಂದು ಹೊಗಳಿ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಹೀಗಾಗಿ ತೊಳೆದ ಚರಟವೆಲ್ಲ ಈಗ ಗೊಬ್ಬರದ ಡ್ರಮ್ಮಿಗೆ ಹೋಗುತ್ತದೆ. ಬದಿಯಲ್ಲಿ ತೂತು ಕೊರೆಸಿದ ಹಳೆಯ ಪ್ಲಾಸ್ಟಿಕ್ ಡ್ರಮ್ಮು ಅದು, ಸೂರಿನ ಕೆಳಗೆ ಎರಡು ಇಟ್ಟಿಗೆಯ ಮೇಲೆ ಕೂತಿದೆ. ಒಂದು ಬೊಗಸೆ ಚರಟ ಮತ್ತು ತರಕಾರಿ ಸಿಪ್ಪೆಗೆ ಎರಡು ಮೂರು ಬೊಗಸೆ ಒಣ ತರಗೆಲೆ ಹಾಕುವುದು ನಮ್ಮ ಅಳತೆ. ಸಿಲ್ವರ್ ಓಕ್ ಎಲೆ ಧಾರಾಳವಾಗಿ ಸಿಗುತ್ತದೆಯಾದರೂ ಅದು ಕೊಳೆಯಲು ಬಹಳ ಸತಾಯಿಸುತ್ತದೆ. ಹಲಸಿನ ಎಲೆಯನ್ನು ಮುರಿದು ಹಾಕಿದರೆ ವಾಸಿ. ಕಷ್ಟವೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ತರಗೆಲೆಯೂ ಒದ್ದೆ, ಗಾಳಿಯೂ ಒದ್ದೆ, ಡ್ರಮ್ಮಿನೊಳಗೆ ಗಾಳಿಯಾಡದೆ ಕೊಳೆತು ನಾರತೊಡಗುತ್ತದೆ. ಅದಕ್ಕೆ ಬೇಸಿಗೆಯಲ್ಲೇ ಐದಾರು ಗೋಣಿಚೀಲ ತರಗು ತುಂಬಿ ಸೌದೆ ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೇವೆ, ಮತ್ತು ಮಳೆಗಾಲದಲ್ಲಿ ಚರಟವನ್ನು ಬಚ್ಚಲ ಹಂಡೆಯ ಒಲೆಯ ಪಕ್ಕದ ಕಟ್ಟೆಯ ಮೇಲೆ ಹಳೆಯ ತಟ್ಟೆಯಲ್ಲಿ ಹರಡುತ್ತೇವೆ. ಬೆಳಿಗ್ಗೆ ಒಲೆ ಹಚ್ಚಿದರೆ ಸಂಜೆಗೆ ಗರಿಗರಿಯಾಗಿರುತ್ತದೆ. ಒಣಗಿದ ಚರಟವನ್ನು ಡಬ್ಬಿಯಲ್ಲಿ ತುಂಬಿಟ್ಟು, ಮಳೆ ಬಿಟ್ಟ ದಿನ ಡ್ರಮ್ಮಿಗೆ ಹಾಕಬಹುದು.

ಟೀ ಬ್ಯಾಗುಗಳನ್ನು ಡ್ರಮ್ಮಿಗೆ ಇಡಿಯಾಗಿ ಹಾಕುವುದಿಲ್ಲ. ಕಾಗದದಂತೆ ಕಾಣುವ ಎಷ್ಟೋ ಚೀಲಗಳಲ್ಲಿ ಅಂಚು ಅಂಟಲೆಂದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ ಸೇರಿರುತ್ತದೆ. ಕಾಗದವೆಲ್ಲ ಕೊಳೆತು ಬಲೆಯಂಥ ತೆಳು ಪೊರೆ ಗೊಬ್ಬರದಲ್ಲಿ ಹಾಗೆಯೇ ಸಿಕ್ಕಿದ್ದನ್ನು ನಾನೇ ಹೆಕ್ಕಿ ತೆಗೆದಿದ್ದೇನೆ. ಈಗ ಚೀಲ ಕತ್ತರಿಸಿ ಪುಡಿಯನ್ನಷ್ಟೇ ಗೊಬ್ಬರಕ್ಕೆ ಕೊಡುತ್ತೇವೆ.

ಮನೆಯೊಳಗಿನ ಉಪಯೋಗಗಳ ಬಗ್ಗೆ ನನಗೆ ಹೆಚ್ಚು ಉತ್ಸಾಹವಿಲ್ಲ. ಒಣ ಚರಟವನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಇಟ್ಟರೆ ವಾಸನೆ ಸ್ವಲ್ಪ ಹೀರಿಕೊಳ್ಳುತ್ತದೆ, ಒದ್ದೆ ಶೂಗಳಲ್ಲಿಯೂ ಹಾಗೆಯೇ. ಅದನ್ನು ಕೆಂಡದ ಮೇಲೆ ಹಾಕಿ ಸೊಳ್ಳೆ ಓಡಿಸುವವರಿದ್ದಾರೆ. ನಮ್ಮಲ್ಲಿ ಆ ಹೊಗೆಗೆ ಸೊಳ್ಳೆಗಿಂತ ಮೊದಲು ನಾವೇ ಹೊರಗೆ ಓಡಿದೆವು. ಮದರಂಗಿಯನ್ನು ಕಬ್ಬಿಣದ ಬಾಣಲೆಯಲ್ಲಿ ಟೀ ಕಷಾಯದೊಂದಿಗೆ ಕಲಸುವುದು ಮಾತ್ರ ಕಾರಣವಿರುವ ಪದ್ಧತಿ, ಏಕೆಂದರೆ ಟೀಯ ಒಗರು ಕಬ್ಬಿಣದೊಂದಿಗೆ ಕೂಡಿ ಕಪ್ಪು ಬಣ್ಣ ಕೊಡುತ್ತದೆ. ಒದ್ದೆ ಚರಟವನ್ನು ಕಬ್ಬಿಣದ ತವಾದ ಮೇಲೆ ಮರೆತು ಇಟ್ಟರೆ ಆಗುವ ಕಲೆಯೂ ಅದೇ.

ಒಮ್ಮೆ ಕುದಿಸಿದ ಚರಟವನ್ನು ಸಂಜೆಗೆಂದು ಇಟ್ಟು ಮತ್ತೆ ಕುದಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಹಾಲು ಸೇರಿದ ಒದ್ದೆ ಚರಟ ನಮ್ಮ ಹವೆಯಲ್ಲಿ ಅರ್ಧ ದಿನದಲ್ಲೇ ಹಳಸುತ್ತದೆ. ಇನ್ನೊಂದು ಎಚ್ಚರಿಕೆಯೂ ಇದೆ: ಬಳಸಿದ ಚರಟವನ್ನು ಒಣಗಿಸಿ, ಬಣ್ಣ ಹಾಕಿ, ಹೊಸ ಪುಡಿಯೊಂದಿಗೆ ಬೆರೆಸಿ ಮಾರುವ ಕಲಬೆರಕೆ ದೇಶದಲ್ಲಿ ಹಳೆಯದು. ತೀರ ಅಗ್ಗದ ಬಿಡಿ ಪುಡಿ ಕೊಂಡಾಗ ಒಂದು ಚಿಟಿಕೆಯನ್ನು ಫಿಲ್ಟರ್ ಕಾಗದದ ಮೇಲೆ ಹರಡಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ನಂತರ ಪುಡಿಯನ್ನು ಕೊಡವಿ ಕಾಗದವನ್ನು ತೊಳೆದು ಬೆಳಕಿಗೆ ಹಿಡಿದು ನೋಡಬೇಕು. ಶುದ್ಧ ಪುಡಿಯಾದರೆ ಕಲೆ ಉಳಿಯುವುದಿಲ್ಲ, ಬಣ್ಣ ಹಾಕಿದ್ದಾದರೆ ಕಾಗದದ ಮೇಲೆ ಕಡು ಬಣ್ಣದ ಕಲೆ ಉಳಿಯುತ್ತದೆ.

ಗಿಡವಿಲ್ಲದ, ಹಿತ್ತಲಿಲ್ಲದ ಮನೆಯವರು ಚರಟವನ್ನು ಹಿಂಡಿ ಹಸಿ ಕಸದ ಬುಟ್ಟಿಗೆ ಹಾಕಿದರೆ ಸಾಕು. ಹಸಿ ಕಸವನ್ನು ಒಣ ಕಸದಿಂದ ಬೇರ್ಪಡಿಸಿ ಕೊಡಬೇಕೆಂದು ಘನತ್ಯಾಜ್ಯ ನಿಯಮಗಳೇ ಹೇಳಿವೆ. ಹಾಕಬಾರದ ಜಾಗ ಸಿಂಕು. ನಾವು ಬಾಡಿಗೆ ಮನೆಯಲ್ಲಿದ್ದಾಗ “ಪುಡಿ ತಾನೆ, ಹೋಗುತ್ತದೆ” ಎಂದು ದಿನವೂ ತೊಳೆದುಬಿಡುತ್ತಿದ್ದೆ. ಕೊಳಾಯಿ ರಿಪೇರಿಯವರು ಬಂದು ಸಿಂಕಿನ ಕೆಳಗಿನ ಬಾಗಿದ ಪೈಪನ್ನು ಬಿಚ್ಚಿದಾಗ ಒಗ್ಗರಣೆಯ ಎಣ್ಣೆ ಮತ್ತು ಚರಟ ಬೆರೆತು ಸಿಮೆಂಟಿನಂತಾಗಿದ್ದ ಕರಿಯ ಮುದ್ದೆಯೊಂದು ಬಕೆಟ್ಟಿಗೆ ಬಿತ್ತು. ಅದರ ನಡುವೆ ಏಲಕ್ಕಿ ಸಿಪ್ಪೆಗಳು ಹಾಗೆಯೇ ಇದ್ದವು.

ಈ ಜನವರಿಯಲ್ಲಿ ಡ್ರಮ್ಮಿನ ಅಡಿಯಿಂದ ಎರಡು ಬಕೆಟ್ ಗೊಬ್ಬರ ತೆಗೆದು, ಜರಡಿ ಹಿಡಿದು, ದಾಸವಾಳದ ಮೇಲ್ಮಣ್ಣನ್ನು ಸಡಿಲಿಸಿ ಎರಡು ಮುಷ್ಟಿ ಬೆರೆಸಿದೆ. ಅತ್ತೆಯವರು ನಮ್ಮ ತುಳಸಿ ಕಟ್ಟೆಯ ಹತ್ತಿರಕ್ಕೆ ಚರಟವನ್ನು ಎಂದೂ ಬಿಟ್ಟುಕೊಂಡವರಲ್ಲ. ಹಾಲು ಬೆರೆಸಿ ಕುದಿಸಿದ್ದು ಮುಸುರೆ, ಅದು ತುಳಸಿಗೆ ಸಲ್ಲದು ಎಂಬುದು ಅವರ ನಿಯಮ. ಅಂದು ಬಕೆಟ್ಟಿನ ಮುಂದೆ ಕೂತು ಒಂದು ಹಿಡಿ ತೆಗೆದು ಮೂಸಿದರು, ಬೆರಳ ನಡುವೆ ಉಜ್ಜಿದರು, ಮತ್ತೊಮ್ಮೆ ಮೂಸಿದರು. “ಮಣ್ಣೇ ಆಗಿಹೋಗಿದೆ ಕಣಮ್ಮ” ಎಂದು ಹೇಳಿ, ಸೆರಗು ಸಿಕ್ಕಿಸಿಕೊಂಡು, ಒಂದು ಬೊಗಸೆಯನ್ನು ಕಟ್ಟೆಯ ಕಡೆಗೆ ತೆಗೆದುಕೊಂಡು ಹೋದರು.