ಬ್ರೇಕ್‌ನಲ್ಲಿ ಕೇಳಿಸಿದ ಮಾತು

ಸುದ್ದಿ ವಾಹಿನಿಯೊಂದರಲ್ಲಿ ನಾನು ಸೌಂಡ್ ಎಂಜಿನಿಯರ್. ಜಾಹೀರಾತು ಶುರುವಾದಾಗ ಅತಿಥಿಗಳ ಮೈಕ್ ಪ್ರಸಾರಕ್ಕೆ ಹೋಗುವುದು ನಿಲ್ಲುತ್ತದೆ. ನನ್ನ ಹೆಡ್‌ಫೋನಿಗೆ ಬರುವುದು ನಿಲ್ಲುವುದಿಲ್ಲ.

ಒಂದು ರಾತ್ರಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರ ಕೊರತೆ ಕುರಿತು ಚರ್ಚೆ. ಸ್ಟುಡಿಯೋದಲ್ಲಿ ಎರಡು ಪಕ್ಷಗಳ ವಕ್ತಾರರು, ದೂರದಿಂದ ಉಪಗ್ರಹದ ಲೈವ್ ಲಿಂಕಿನಲ್ಲಿ ಒಬ್ಬ ಹಿರಿಯ ವೈದ್ಯೆ. ಬ್ರೇಕ್ ಬಂತು. ಆಡಳಿತ ಪಕ್ಷದವರು ಒಂದು ಗುಟುಕು ನೀರು ಕುಡಿದು, ಪಕ್ಕಕ್ಕೆ ಬಾಗಿ, "ನೀವು ಹೇಳೋದು ಸರಿ ಸರ್, ಹುದ್ದೆ ಖಾಲಿ ಬಿದ್ದಿವೆ" ಅಂದರು. "ನಮ್ಮ ಕಾಲದಲ್ಲೂ ತುಂಬೋಕಾಗ್ಲಿಲ್ಲ ಬಿಡಿ" ಅಂತ ವಿರೋಧ ಪಕ್ಷದವರು. ಹಳ್ಳಿಗೆ ಹೋಗಲು ವೈದ್ಯರು ಯಾಕೆ ಒಪ್ಪುವುದಿಲ್ಲ ಎಂದು ಇಬ್ಬರೂ ಸಮಾಧಾನವಾಗಿ ಮಾತಾಡಿಕೊಂಡರು. ಇಡೀ ಕಾರ್ಯಕ್ರಮದಲ್ಲಿ ಕೇಳಲು ಯೋಗ್ಯವಾಗಿದ್ದ ಮಾತು ಅದೊಂದೇ. ಪ್ರಸಾರ ಮತ್ತೆ ಶುರು ಎನ್ನುವ ಕೆಂಪು ದೀಪ ಹತ್ತಿತು. "ಹಸಿ ಸುಳ್ಳು! ಒಂದೇ ಒಂದು ಹುದ್ದೆ ಖಾಲಿ ಇಲ್ಲ!" ಮೇಜು ಕುಟ್ಟಿದ ಸದ್ದಿಗೆ ನನ್ನ ಮೀಟರ್ ತುದಿ ಮುಟ್ಟಿತು.

ಕಾರ್ಯಕ್ರಮ ಮುಗಿದ ಮೇಲೆ ಲೈನಿನಲ್ಲಿ ಆ ವೈದ್ಯೆ ಕೇಳಿದರು: "ನನ್ನ ದನಿ ಅಲ್ಲಿಗೆ ಕೇಳಿಸ್ತಿತ್ತಾ?"

ಕೇಳಿಸುತ್ತಿರಲಿಲ್ಲ. ಅದಕ್ಕೆ ಕಾರಣ ನಾನು. ಚರ್ಚೆಗಳಲ್ಲಿ ಆಟೋಮಿಕ್ಸರ್ ಹಾಕಿ ಬಿಟ್ಟಿರುತ್ತಿದ್ದೆ. ಎಲ್ಲ ಮೈಕ್‌ಗಳಿಗೂ ಸೇರಿ ಇಷ್ಟು ಅಂತ ಇರುವ ಗೇನ್ ಅನ್ನು, ಅಂದರೆ ದನಿ ಹಿಗ್ಗಿಸುವ ಪ್ರಮಾಣವನ್ನು, ಅದು ಹಂಚುತ್ತದೆ. ಯಾರ ದನಿ ಜೋರೋ ಅವರಿಗೆ ಹೆಚ್ಚು ಪಾಲು, ಉಳಿದವರದು ತಾನಾಗಿಯೇ ಇಳಿಯುತ್ತದೆ. ಸಭೆ, ಸಂವಾದಗಳಿಗೆ ಅದು ಒಳ್ಳೆಯ ಉಪಕರಣವೇ. ಜಗಳದಲ್ಲಿ ಮಾತ್ರ ಕಿರುಚುವವರ ಕೈಗೆ ಪಕ್ಕದವರ ದನಿಯನ್ನೂ ಕೊಟ್ಟುಬಿಡುತ್ತದೆ. ಅದರ ಮೇಲೆ ಉಪಗ್ರಹದ ವಿಳಂಬ. ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಕೆಳಗೆ ಬರಲು ಸಿಗ್ನಲ್‌ಗೆ ಕಾಲು ಸೆಕೆಂಡ್ ಬೇಕು, ಉತ್ತರ ವಾಪಸ್ ಬರಲು ಇನ್ನೊಂದು ಕಾಲು. ಇನ್ನೊಬ್ಬರ ಮಾತು ಮುಗಿಯಲಿ ಎಂದು ಕಾಯುವ ಸಭ್ಯರು ಬಾಯಿ ತೆರೆಯುವಷ್ಟರಲ್ಲಿ ಸರದಿಯೇ ಹೋಗಿರುತ್ತದೆ. ರಾಜಕಾರಣಿಗಳ ನಾಟಕ ಕಂಡು ವರ್ಷಗಟ್ಟಲೆ ಹೊಟ್ಟೆ ಉರಿದುಕೊಂಡಿದ್ದೇನೆ. ಆ ನಾಟಕಕ್ಕೆ ದನಿ ಕೊಡುತ್ತಿದ್ದವನು ನಾನೇ ಎಂದು ಹೊಳೆದಾಗ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಪ್ರೊಡ್ಯೂಸರ್ ಹತ್ತಿರ ಹೋಗಿ, ಚರ್ಚೆಗೆ ಆಟೋಮಿಕ್ಸರ್ ಬೇಡ, ಪ್ರತಿ ಮೈಕಿನ ದನಿ ಏರಿಸಿ ಇಳಿಸುವ ಫೇಡರ್ ಕೈಯಲ್ಲೇ ನೋಡಿಕೊಳ್ಳುತ್ತೇನೆ, ಒಬ್ಬರು ಉತ್ತರಿಸುವಾಗ ಮಿಕ್ಕವರದು ಇಳಿಸುತ್ತೇನೆ ಅಂದೆ. "ಗಲಾಟೆ ಇದ್ರೇನೇ ಜನ ನೋಡೋದು. ಮಧ್ಯೆ ಸುಮ್ನಾದ್ರೆ ಏನ್ಮಾಡ್ತೀರಿ?" ಎಂದು ಕೇಳಿದರು.

ಮೌನಕ್ಕೆ ನಮ್ಮ ವೃತ್ತಿಯಲ್ಲಿ ಎಲ್ಲರೂ ಹೆದರುತ್ತಾರೆ. 1976ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳಾದ ಫೋರ್ಡ್ ಮತ್ತು ಕಾರ್ಟರ್ ನಡುವಿನ ಚರ್ಚೆಯಲ್ಲಿ ಧ್ವನಿ ಕೆಟ್ಟು 27 ನಿಮಿಷ ವೇದಿಕೆ ಮೂಕವಾಗಿತ್ತು. ಅಷ್ಟು ಹೊತ್ತೂ ಇಬ್ಬರು ತಮ್ಮ ತಮ್ಮ ಜಾಗ ಬಿಟ್ಟು ಕದಲಲಿಲ್ಲ, ಹೋಗಿ ಒಬ್ಬರಿಗೊಬ್ಬರು ಕೈ ಕುಲುಕಲಿಲ್ಲ. ರೋಬೋಟ್‌ಗಳ ಹಾಗೆ ನಿಂತಿದ್ದೆವು ಎಂದು ಕಾರ್ಟರ್ ಆಮೇಲೆ ಮುಜುಗರಪಟ್ಟರು. ಕ್ಯಾಮೆರಾ ಮುಂದೆ ಮನುಷ್ಯ ಹೇಗೆ ಬಿಗಿದುಕೊಳ್ಳುತ್ತಾನೆ ಎಂಬುದು ನನಗೆ ಆ 27 ನಿಮಿಷಗಳಲ್ಲೇ ಹೆಚ್ಚು ಕಾಣುತ್ತದೆ.

ಕೊನೆಗೆ ಪ್ರೊಡ್ಯೂಸರ್ ಒಂದು ವಾರ ನೋಡೋಣ ಅಂದರು. ಮೈಕ್ ಇಳಿಸಿದ ಮಾತ್ರಕ್ಕೆ ಯಾರೂ ಸತ್ಯವಂತರಾಗಲಿಲ್ಲ. ಬಾಯಿಪಾಠದ ಸಾಲುಗಳೇ ಬಂದವು. ಆದರೆ ಗದ್ದಲ ಇಳಿದದ್ದರಿಂದ, ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದು ಸ್ಪಷ್ಟವಾಗಿ ಕೇಳಿಸತೊಡಗಿತು. ಮೊದಲು ಆ ತಪ್ಪಿಸಿಕೊಳ್ಳುವಿಕೆ ಕಿರುಚಾಟದಡಿ ಹೂತುಹೋಗುತ್ತಿತ್ತು.

ಮೂರನೆಯ ದಿನ ನಿರೂಪಕಿ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರು: "ಎಷ್ಟು ಹುದ್ದೆ ಖಾಲಿ ಇವೆ ಸರ್?" ವಕ್ತಾರರು ಪಕ್ಕದವರು ನಡುವೆ ಬಾಯಿ ಹಾಕಲಿ ಎಂದು ಅತ್ತ ನೋಡಿದರು. ಆ ಮೈಕ್ ಇಳಿದಿತ್ತು. ಕಾಗದ ತಿರುವುವ ಸದ್ದು, ಒಮ್ಮೆ ಗಂಟಲು ಸರಿಮಾಡಿಕೊಂಡದ್ದು, ಮತ್ತೆ ಏನೂ ಇಲ್ಲ. ಅವರ ಫೇಡರ್ ಮೇಲೆ ನನ್ನ ಬೆರಳಿತ್ತು. ಇಳಿಸಲಿಲ್ಲ.