ಎರಡು ವರ್ಷ ಮುಗಿದ್ರೆ ಪ್ರೊಬೇಷನ್ ಮುಗೀತು ಅಂತಲ್ಲ

ಹೊಸದಾಗಿ ಸರ್ಕಾರಿ ಕೆಲಸಕ್ಕೆ ಸೇರಿದ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕರು) ಹುಡುಗ್ರು ಹುಡುಗೀರು ಕೇಳೋದು ಒಂದೇ, ಎರಡು ವರ್ಷ ಆಯ್ತಲ್ಲ ಮೇಡಂ, ಇನ್ನು ನಾವು ಪರ್ಮನೆಂಟ್ ತಾನೆ ಅಂತ. ಇಲ್ಲ ಕಣ್ರಪ್ಪ. ನಮ್ಮ ಕರ್ನಾಟಕದ 1977ರ ಪ್ರೊಬೇಷನ್ ರೂಲ್ಸ್ ಪ್ರಕಾರ ಪ್ರೊಬೇಷನ್, ಅಂದ್ರೆ ಕೆಲಸ ಕಾಯಂ ಆಗೋ ಮುಂಚಿನ ಪರೀಕ್ಷಾರ್ಥ ಅವಧಿ, ಎರಡು ವರ್ಷಕ್ಕಿಂತ ಕಮ್ಮಿ ಇರಂಗಿಲ್ಲ ಅನ್ನೋದು ನಿಜ, ಆದ್ರೆ ಅದು ಮುಗಿದ ದಿನ ತಾನಾಗೇ ಏನೂ ಆಗಲ್ಲ, ತೃಪ್ತಿಕರವಾಗಿ ಪೂರೈಸಿದ್ದಾರೆ ಅಂತ ಬೇರೆ ಆದೇಶನೇ ಆಗ್ಬೇಕು (ಇದನ್ನೇ ಡಿಕ್ಲೇರ್ ಮಾಡೋದು ಅನ್ನೋದು), ಆದೇಶ ತಡ ಆಯ್ತು ಅಂದ ಮಾತ್ರಕ್ಕೆ ಡಿಕ್ಲೇರ್ ಆದ ಹಾಗೆ ಅಂತ ತಿಳ್ಕೊಳ್ಳೋ ಹಾಗಿಲ್ಲ ಅಂತ ರೂಲ್‌ನಲ್ಲೇ ಇದೆ.

ಹಂಗಾಗಿ ಆ ಆದೇಶಕ್ಕೆ ಬೇಕಾಗೋ ಇಲಾಖಾ ಪರೀಕ್ಷೆ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇವನ್ನ ಮುಂದಿನ ಸಲ ನೋಡೋಣ ಅಂತ ಬಿಡ್ಬೇಡಿ. ಪಾಸಾದ ತಕ್ಷಣ ಎಸ್ಆರ್‌ನಲ್ಲಿ (ಸೇವಾ ಪುಸ್ತಕದಲ್ಲಿ) ಎಂಟ್ರಿ ಮಾಡಿಸಿ. ಅವಧಿ ಮುಗಿಯೋ ಹೊತ್ತಿಗೆ ನೀವೇ ಮನವಿ ಬರೆದು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ, ಯಾರೋ ನೆನಪಿಟ್ಕೊಂಡು ಮಾಡ್ತಾರೆ ಅಂತ ಕಾಯ್ಬೇಡಿ.

ನಂಗೆ ನಿಜವಾಗ್ಲೂ ಸಂಕಟ ಆಗೋದು ಈ ಮಕ್ಕಳ ಭಯ ನೋಡಿ. ರಜೆ ಕೇಳಿದ್ರೆ ಡಿಕ್ಲೇರ್ ಮಾಡಲ್ವಂತೆ, ತಪ್ಪು ಬಿಲ್ಲಿಗೆ ಸೈನ್ ಹಾಕಲ್ಲ ಅಂದ್ರೆ ಮನೆಗೆ ಕಳಿಸ್ತಾರಂತೆ, ಹೀಗೆ ಹೆದರಿಸೋರೂ ಇದ್ದಾರೆ, ಹೆರಿಗೆ ರಜೆ ಪ್ರೊಬೇಷನ್‌ನಲ್ಲಿರೋರಿಗೂ ಉಂಟು ಅಂತ ಗೊತ್ತಿದ್ರೂ ಅರ್ಜಿ ಕೊಡೋಕೆ ಹಿಂದೆ ಮುಂದೆ ನೋಡ್ತಾರೆ ಪಾಪ. ಕೆಲಸ ಚೆನ್ನಾಗಿಲ್ಲ, ಹುದ್ದೆಗೆ ತಕ್ಕೋರಲ್ಲ ಅಂತಾದ್ರೆ ಬಿಡುಗಡೆ ಮಾಡೋ ಅಧಿಕಾರ ಇಲಾಖೆಗೆ ಇದೆ, ಅದು ಸರಿ. ಆದ್ರೆ ದುರ್ನಡತೆ ಅಂತ ಆರೋಪ ಮನಸಲ್ಲಿಟ್ಕೊಂಡು, ವಿಚಾರಣೆ ಇಲ್ದೆ, ಸುಮ್ನೆ ಸಾದಾ ಆದೇಶ ಬರೆದು ಕಳಿಸೋಕಾಗಲ್ಲ. 1974ರಲ್ಲಿ ಶಂಶೇರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದನ್ನೇ ಹೇಳಿದ್ದು, ಆದೇಶದ ಮಾತು ಎಷ್ಟೇ ಮೆತ್ತಗಿದ್ರೂ ಅದರ ಹಿಂದಿರೋದು ಶಿಕ್ಷೆನಾ ಅಂತ ನೋಡ್ಬೇಕು, ಶಿಕ್ಷೆ ಆಗಿದ್ರೆ ವಿಚಾರಣೆ ಇಲ್ದೆ ಕೆಲಸದಿಂದ ತೆಗೆಯೋ ಹಾಗಿಲ್ಲ ಅನ್ನೋ ಸಂವಿಧಾನದ 311ನೇ ವಿಧಿಯ ರಕ್ಷಣೆ ಪ್ರೊಬೇಷನರ್‌ಗೂ ಸಿಗುತ್ತೆ ಅಂತ. ಆ ಕೇಸಲ್ಲಿದ್ದವರೂ ಪ್ರೊಬೇಷನ್‌ನಲ್ಲಿದ್ದ ಪಂಜಾಬಿನ ನ್ಯಾಯಾಧೀಶರೇ.

ಯಾರಾದ್ರೂ ಹೆದರಿಸಿದ್ರೆ ಬಾಯಿ ಮಾತಲ್ಲಿ ಬಿಡ್ಬೇಡಿ, ಲಿಖಿತವಾಗಿ ಕೊಡಿ ಸಾರ್ ಅಂತ ವಿನಯವಾಗೇ ಕೇಳಿ.

ಇನ್ನು ಇದನ್ನ ಓದ್ತಿರೋ ಕೇಸ್ ವರ್ಕರ್‌ಗಳು (ಫೈಲ್ ನೋಡ್ಕೊಳ್ಳೋ ಸಿಬ್ಬಂದಿ) ಇದ್ರೆ, ನಿಮ್ಮ ಟೇಬಲ್ ಮೇಲೆ ಯಾರದ್ದಾದ್ರೂ ಡಿಕ್ಲರೇಷನ್ ಫೈಲ್ ಕೂತಿದ್ರೆ, ದಯವಿಟ್ಟು ಇವತ್ತೇ ಮೇಲಧಿಕಾರಿಗೆ ಪುಟ್ ಅಪ್ ಮಾಡಿ.