ಪುಸ್ತಕದಲ್ಲಿ 280

ಯೊಕೊಹಾಮಾಗೆ ಬಂದು ಎರಡು ವರ್ಷವಾದರೂ ದೈಕೊಕು ನೋಡಿರಲಿಲ್ಲ. ಅದು ಎಕ್ಸ್‌ಪ್ರೆಸ್‌ವೇಗೆ ಅಂಟಿಕೊಂಡ ಪಾರ್ಕಿಂಗ್ ಜಾಗ, ಕಾರಿನ ಹುಚ್ಚರು ತಮ್ಮ ಗಾಡಿ ತಂದು ಸೇರುವ ಅಡ್ಡೆ. ರೈಲಿಲ್ಲ, ನಡೆದು ಹೋಗುವ ಹಾಗಿಲ್ಲ, ಗಾಡಿಯೇ ಬೇಕು. ಹೋದ ಶನಿವಾರ ಆಫೀಸಿನ ಗೆಳೆಯ ತನ್ನ ಕೇ ಕಾರಿನಲ್ಲಿ, ಅಂದರೆ ಜಪಾನಿನ ಪುಟಾಣಿ ಕಾರಿನಲ್ಲಿ, ಕರೆದುಕೊಂಡು ಹೋದ. 660 ಸಿಸಿಯ ಬೆಂಕಿಪೊಟ್ಟಣ ಅದು. ಸುರುಳಿ ಸುತ್ತಿಕೊಂಡು ಇಳಿಯುವ ರಸ್ತೆ, ಕೆಳಗೆ ಲಾರಿಗಳು, ಟಾಯ್ಲೆಟ್ಟು, ಕಾಫಿ ಮಾರುವ ಮಷೀನುಗಳು. ಇದನ್ನು ನೋಡೋಕೆ ಜನ ವಿಮಾನ ಹತ್ತಿ ಬರುತ್ತಾರಾ ಅನ್ನಿಸಿತು.

ಆಮೇಲೆ ನಿಸ್ಸಾನ್ ಕಂಪನಿಯ ಸ್ಕೈಲೈನ್ ಕಾರುಗಳು ಒಂದೊಂದೇ ಇಳಿದು ಬಂದವು.

ಒಬ್ಬರು, ಅರವತ್ತು ದಾಟಿರಬೇಕು, ಬೂದು ಬಣ್ಣದ ಸ್ಕೈಲೈನ್ ಆರ್32 ಜಿಟಿ-ಆರ್ ನಿಲ್ಲಿಸಿ ಬಾನೆಟ್ ಎತ್ತಿದರು. 1990ರಲ್ಲಿ ಕೊಂಡಿದ್ದಂತೆ. ಮೈಲೇಜ್ ಎಷ್ಟು ಅಂತ ಕೇಳೋಕೆ ಹೋಗಿ ನಾಲಿಗೆ ಕಚ್ಚಿಕೊಂಡೆ. ಎಷ್ಟು ಹಾರ್ಸ್‌ಪವರ್ ಅಂದೆ. "ಪುಸ್ತಕದಲ್ಲಿ 280" ಅಂದು ನಕ್ಕರು.

ಯಾಕೆ ನಕ್ಕರು ಅಂತ ಗೆಳೆಯ ಬಿಡಿಸಿ ಹೇಳಿದ. 80ರ ದಶಕದ ಕೊನೆಯಲ್ಲಿ ಜಪಾನಿನ ರಸ್ತೆಗಳಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಿದ್ದರು. ಕಂಪನಿಗಳು ತಾವೇ ಒಂದು ಗೆರೆ ಎಳೆದುಕೊಂಡವು: 280 ಹಾರ್ಸ್‌ಪವರ್ ಮೇಲೆ ಯಾರೂ ಹೋಗಬಾರದು. ಹಾಗಾಗಿ ಟೊಯೋಟಾ ಸುಪ್ರಾ 280. ಹೋಂಡಾ ಎನ್‌ಎಸ್‌ಎಕ್ಸ್ 280. ಮೂರು ತಲೆಮಾರಿನ ಜಿಟಿ-ಆರ್ ಕೂಡ 280. ಕ್ಲಾಸಿನ ಬುದ್ಧಿವಂತರೆಲ್ಲ ಮಾತಾಡಿಕೊಂಡು ಒಂದೇ ಮಾರ್ಕ್ಸ್ ತೆಗೆದ ಹಾಗೆ! ಈ ಒಪ್ಪಂದ 2004ರವರೆಗೂ ನಡೆಯಿತು.

ಆದರೆ ಎಂಜಿನ್‌ಗೆ ಒಪ್ಪಂದ ಗೊತ್ತಿಲ್ಲವಲ್ಲ. ಆರ್32ರ 2,568 ಸಿಸಿ, ಆರು ಸಿಲಿಂಡರ್, ಎರಡು ಟರ್ಬೊ ಇರುವ ಎಂಜಿನ್ ಮಾಡಿದ್ದೇ ರೇಸಿಗಾಗಿ. ಅಲ್ಲಿ ಅದು 500 ದಾಟುತ್ತಿತ್ತು. 1990ರಿಂದ 93ರವರೆಗೆ ಜಪಾನಿನ ಟೂರಿಂಗ್ ಕಾರ್ ಸರಣಿಯಲ್ಲಿ 29 ರೇಸು, 29 ಗೆಲುವು. ಕಂಪನಿ ಬಚ್ಚಿಟ್ಟಿದ್ದನ್ನು ಈ ಜನ ಮೂವತ್ತು ವರ್ಷದಿಂದ ಸ್ಪ್ಯಾನರ್ ಹಿಡಿದು ಹೊರಗೆ ತೆಗೆಯುತ್ತಿದ್ದಾರೆ. ಹುಚ್ಚು ಹತ್ತೋದು ಅಲ್ಲೇ ಅಂತ ನನ್ನ ಲೆಕ್ಕ.

ನನಗೆ ಮನಸ್ಸು ಹೋಗಿದ್ದು ಮಾತ್ರ ಪಕ್ಕದ ಮಜ್ದಾ ಆರ್‌ಎಕ್ಸ್-7 ಮೇಲೆ. ಅದರಲ್ಲಿ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ಎರಡು ರೋಟರ್‌ಗಳು ಗಿರಗಿರ ತಿರುಗುತ್ತವೆ. ಪೆಟ್ರೋಲ್ ಕುಡಿಯುತ್ತೆ, ಜೊತೆಗೆ ಆಯಿಲ್ಲೂ ಸುಡುತ್ತೆ. ಸುಮ್ನೆ ನಿಂತಾಗಲೂ ಗುಡುಗುಡು ಅಂತ ಏನೋ ಗೊಣಗುತ್ತಲೇ ಇರುತ್ತೆ. ಯಾರಿಗೆ ಬೇಕು ಹೇಳಿ? ನನಗೆ ಬೇಕು.

ಸಾಕೋದು ಸುಲಭವಲ್ಲ. ಎರಡು ವರ್ಷಕ್ಕೊಮ್ಮೆ ಶಾಕೆನ್ ಅನ್ನುವ ತಪಾಸಣೆ. ಗಾಡಿಗೆ 13 ವರ್ಷ ದಾಟಿದರೆ ತೆರಿಗೆಯೂ ಏರುತ್ತದೆ. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರನ್ನು ಸಲೀಸಾಗಿ ತರಿಸಿಕೊಳ್ಳಬಹುದು, ಹಾಗಾಗಿ ಅಲ್ಲಿಂದಲೂ ಗಿರಾಕಿಗಳು. ಮಾರಲ್ವಾ ಅಂತ ಜಿಟಿ-ಆರ್ ಯಜಮಾನರನ್ನು ಕೇಳಿದೆ. "ಹೆಂಡತಿಯೂ ಅದನ್ನೇ ಕೇಳುತ್ತಾಳೆ" ಅಂದರು. ಮೈಸೂರಿನಲ್ಲಿ ಯೆಜ್ಡಿ ಇಟ್ಟುಕೊಂಡಿರುವ ನಮ್ಮ ಸೋದರಮಾವ ನೆನಪಾದರು. ಅತ್ತೆಯೂ.

ಒಂಬತ್ತರ ಹೊತ್ತಿಗೆ ಪೊಲೀಸರು ಮೈಕ್‌ನಲ್ಲಿ ಜಾಗ ಮುಚ್ಚುತ್ತೇವೆ ಅಂದರು. ಯಾರೂ ಜಗಳ ಆಡಲಿಲ್ಲ. ಬಾನೆಟ್‌ಗಳು ಧಬಧಬ ಮುಚ್ಚಿಕೊಂಡವು. ನಮ್ಮ ಮುಂದೆಯೇ ಬೂದು ಜಿಟಿ-ಆರ್, ಇಂಡಿಕೇಟರ್ ಹಾಕಿ ಮರ್ಯಾದೆಯಾಗಿ ಹೊರಟಿತು. ಕೇ ಕಾರುಗಳಿಗೂ ಹೀಗೆ ಒಂದು ಒಪ್ಪಂದವಿದೆಯಂತೆ, 64 ಹಾರ್ಸ್‌ಪವರ್ ಮೇಲೆ ಹೋಗಬಾರದು ಅಂತ. ಅದು ಇವತ್ತಿಗೂ ಇದೆ. "ಇದರಲ್ಲೂ ಏನಾದರೂ ಬಚ್ಚಿಟ್ಟಿದ್ದಾರಾ?" ಅಂದೆ. ಗೆಳೆಯ ಆಕ್ಸಲರೇಟರ್ ಪೂರ್ತಿ ಒತ್ತಿ ತೋರಿಸಿದ. ಇಲ್ಲ.